ಗುಡುಗಿದರೆ ತಂತಿ ಕೀಳುತ್ತಿದ್ದ ಮೇಷ್ಟ್ರು

ಮೇಷ್ಟ್ರು ತೀರಿಕೊಂಡರು ಎಂಬ ಸುದ್ದಿ ಬಂದಾಗ ನಾನು ದೇವರ ಮುಂದೆ ದೀಪಕ್ಕೆ ಎಣ್ಣೆ ಬಿಡುತ್ತಿದ್ದೆ. ಒಂದು ಹನಿಯೂ ಆಚೆ ಚೆಲ್ಲಲಿಲ್ಲ. ಅದನ್ನೂ ದೇವರ ಉಪಕಾರವೆಂದೇ ಲೆಕ್ಕಕ್ಕೆ ಸೇರಿಸಿಕೊಂಡೆ.

ಸುದ್ದಿ ತಂದವಳು ನಮ್ಮ ಮಹಿಳಾ ಹಾಲಿನ ಸೊಸೈಟಿಯ ಅಧ್ಯಕ್ಷೆ. ಹೊಸ್ತಿಲ ಆಚೆಯೇ ನಿಂತು ಸೆರಗಿನಿಂದ ಮೂಗು ಒರೆಸಿಕೊಂಡಳು.

"ಎಂಥಾ ಒಳ್ಳೇ ಮನುಷ್ಯ ಕಣಕ್ಕಾ. ಒಂದು ಇರುವೆಗೂ ನೋವು ಮಾಡಿದೋರಲ್ಲ."

"ಇರುವೆಗೆ ಮಾಡಿರಲಿಕ್ಕಿಲ್ಲ ಬಿಡು" ಎಂದೆ.

ಅವಳು ನನ್ನ ಮುಖ ನೋಡಿದಳು. ಅವಳಿಗೆ ಎಲ್ಲವೂ ಗೊತ್ತು. ಊರಿಗೂ ಗೊತ್ತು. ಗೊತ್ತಿದ್ದೂ ಯಾರೂ ಬಾಯಿಬಿಟ್ಟು ಹೇಳಲಿಲ್ಲ ಎಂಬುದೇ ನನ್ನನ್ನು ಇಷ್ಟು ವರ್ಷ ಸುಟ್ಟದ್ದು.

ನಮ್ಮದು ಶಿಕಾರಿಪುರ ತಾಲ್ಲೂಕಿನ ಅಂಚಿನ ಊರು. ಇನ್ನೊಂದಿಷ್ಟು ದೂರ ಹೋದರೆ ಸೊರಬದ ಸೀಮೆ. ನನ್ನ ತವರು ಆ ಕಡೆ. ಮೇಷ್ಟ್ರ ಊರೂ ಅದೇ ಕಡೆ, ನನ್ನ ತವರಿನ ಪಕ್ಕದ್ದು. ನನ್ನಣ್ಣನ ಜೊತೆ ಒಂದೇ ಬೆಂಚಿನಲ್ಲಿ ಕೂತು ಓದಿದವರು. ಮುಂದೆ ಯಾವುದೋ ಪಾಲಿಟೆಕ್ನಿಕ್ಕಿನಲ್ಲಿ ಪಾಠ ಹೇಳಿ, ನಿವೃತ್ತಿಯಾದ ಮೇಲೆ ಹೆಂಡತಿಯ ಊರಾದ ನಮ್ಮೂರಿಗೇ ಬಂದು ನೆಲೆಸಿದರು. ಬಂದ ಹೊಸತರಲ್ಲಿ ಬೀದಿಯಲ್ಲಿ ಸಿಕ್ಕಾಗೆಲ್ಲ "ಎಂತ ತಂಗಿ, ಆರಾಮನಾ? ಊರ ಬದಿಗೆ ಹೋಗಿದ್ಯಾ?" ಎನ್ನುತ್ತಿದ್ದರು. ಈ ಕಡೆಯ ಮಾತಿನ ನಡುವೆ ಆ ಒಂದು ದನಿ ಕೇಳಿದರೆ ತವರಿನ ಅಂಗಳಕ್ಕೆ ಕಾಲಿಟ್ಟ ಹಾಗಾಗುತ್ತಿತ್ತು. ನಾನೂ ಅವರನ್ನು 'ಅಣ್ಣಾ' ಎಂದೇ ಕರೆಯುತ್ತಿದ್ದೆ. ಹಬ್ಬಕ್ಕೆ ಕಡುಬು ಮಾಡಿದರೆ ಅವರ ಮನೆಗೊಂದು ಡಬ್ಬಿ ಹೋಗುತ್ತಿತ್ತು. ಇದನ್ನೆಲ್ಲ ಯಾಕೆ ಹೇಳುತ್ತಿದ್ದೇನೆಂದರೆ, ಪರಕೀಯರು ಮಾಡಿದ್ದರೆ ನಾನು ಇಷ್ಟು ಉರಿದುಕೊಳ್ಳುತ್ತಿರಲಿಲ್ಲ.

ಮೇಷ್ಟ್ರು ನೋಡಲು ಬಹಳ ಶುಭ್ರ. ಬೇಸಿಗೆಯಲ್ಲೂ ತೋಳಿಲ್ಲದ ಸ್ವೆಟರ್. ಕೂರುವ ಮುಂಚೆ ಕುರ್ಚಿಯ ಮೇಲೆ ಕರವಸ್ತ್ರ ಹಾಸುತ್ತಿದ್ದರು. ಎದ್ದ ಮೇಲೆ ಅದನ್ನು ನಾಲ್ಕಾಗಿ ಮಡಚಿ ಜೇಬಿಗಿಟ್ಟುಕೊಳ್ಳುತ್ತಿದ್ದರು. ದನಿ ಏರಿಸಿದ್ದನ್ನು ಯಾರೂ ಕಂಡವರಿಲ್ಲ. ನೀವು ತಪ್ಪು ಎಂದು ಯಾರಿಗೂ ನೇರವಾಗಿ ಹೇಳುತ್ತಿರಲಿಲ್ಲ. "ಹೌದನಾ?" ಎಂದು ಮೆಲ್ಲಗೆ ಕೇಳಿ ಬೇರೆ ಕಡೆ ನೋಡುತ್ತಿದ್ದರು. ಆ 'ಹೌದನಾ' ಇದೆಯಲ್ಲ, ಅದಕ್ಕಿಂತ ಎರಡು ಏಟು ಹೊಡೆಸಿಕೊಳ್ಳುವುದು ವಾಸಿ.

ಊರಿನವರ ಮಿಕ್ಸಿ, ಟಿ.ವಿ. ರಿಮೋಟು, ಬೋರಿನ ಸ್ಟಾರ್ಟರು ಎಲ್ಲವನ್ನೂ ರಿಪೇರಿ ಮಾಡಿಕೊಡುತ್ತಿದ್ದರು. ಒಂದು ಲೋಟ ಟೀ ಕೂಡ ಮುಟ್ಟುತ್ತಿರಲಿಲ್ಲ. ಇದು ನಿಜ, ನಿಜವನ್ನು ಮುಚ್ಚಿಟ್ಟು ಬೈಯುವುದು ನನಗೆ ಸೇರುವುದಿಲ್ಲ. ನನ್ನ ಮಿಕ್ಸಿ ಇವತ್ತಿಗೂ ಓಡುತ್ತಿರುವುದು ಅವರ ಕೈಗುಣದಿಂದ. ಚಟ್ನಿ ರುಬ್ಬುವಾಗೆಲ್ಲ ಅವರ ನೆನಪಾಗುತ್ತದೆ, ಏನು ಮಾಡುವುದು.

ಇನ್ನೊಂದು ಸಂಗತಿ. ಅವರಿಗೆ ಗುಡುಗೆಂದರೆ ಪ್ರಾಣಭಯ. ಚಿಕ್ಕವರಿದ್ದಾಗ ಸೊರಬದ ಕಡೆ ಗದ್ದೆಯ ಬದುವಿನ ಮರಕ್ಕೆ ಸಿಡಿಲು ಬಡಿದು, ಕೆಳಗೆ ಕಟ್ಟಿದ್ದ ಅವರ ಮನೆಯ ಜೋಡಿ ಎತ್ತು ನಿಂತಲ್ಲೇ ಹೋದುವಂತೆ. ಅದನ್ನು ಹೇಳುವಾಗ ಮಾತ್ರ ಅವರ ದನಿ ಬೇರೆಯಾಗುತ್ತಿತ್ತು. ತಾಳಗುಂದದ ಕಡೆ ಮೋಡ ಕಪ್ಪಾದರೆ ಸಾಕು, ಊಟದ ತಟ್ಟೆ ಬಿಟ್ಟು ಎದ್ದು ಹೋಗಿ ಮನೆಯ ತಂತಿಗಳನ್ನೆಲ್ಲ ಕೀಳುತ್ತಿದ್ದರು. ಈ ಸೀಮೆಯಲ್ಲಿ ಗುಡುಗಿದರೆ ಎಲ್ಲರೂ ಟಿ.ವಿ. ತಂತಿ ಕೀಳುವವರೇ. ಆದರೆ ಅವರು ತಮ್ಮ ಮನೆಯದು ಮುಗಿಸಿ, ತಲೆಗೆ ಪ್ಲಾಸ್ಟಿಕ್ ಕೊಪ್ಪೆ ಹಾಕಿಕೊಂಡು, ಸೊಸೈಟಿಯ ಬೀಗ ತೆಗೆದು, ಅಲ್ಲಿನ ತಂತಿಯನ್ನೂ ಕಿತ್ತಿಟ್ಟು ಬರುತ್ತಿದ್ದರು.

ಸೊಸೈಟಿಯ ತಂತಿ ಅವರಿಗೆ ಮಗುವಿದ್ದ ಹಾಗೆ. ಯಾಕೆಂದರೆ ಆ ವ್ಯವಸ್ಥೆಯನ್ನೆಲ್ಲ ಪುಕ್ಕಟೆಯಾಗಿ ಮಾಡಿಕೊಟ್ಟವರು ಅವರು. ಹಾಲಿನ ಟೆಸ್ಟರ್ ಎಂದರೆ ಒಂದು ಪೆಟ್ಟಿಗೆ. ಅದರ ಕೊಳವೆಯ ಕೆಳಗೆ ಲೋಟದಲ್ಲಿ ಹಾಲು ಹಿಡಿದರೆ ಹೀರಿಕೊಂಡು, ಫ್ಯಾಟು ಎಷ್ಟು, ಸೇರಿದ ನೀರು ಎಷ್ಟು ಎಂದು ಹೇಳುತ್ತದೆ. ಪೆಟ್ಟಿಗೆಯ ಮೇಲಿದ್ದ ಪುಟ್ಟ ಪರದೆ ಎಂದೋ ಮಂಕಾಗಿ ಹೋಗಿತ್ತು. ಮೇಷ್ಟ್ರು ಅದರ ಬೆನ್ನಿಗಿದ್ದ ಸೀರಿಯಲ್ ಪೋರ್ಟ್ ಎಂಬ ಕಿಂಡಿಯಿಂದ ತಮ್ಮ ಹಳೆಯ ಲ್ಯಾಪ್‌ಟಾಪಿಗೆ ತಂತಿ ಎಳೆದು, ಅಂಕಿಯೆಲ್ಲ ಅಲ್ಲಿ ದೊಡ್ಡದಾಗಿ ಕಾಣುವಂತೆ ಮಾಡಿದರು. ಅದಕ್ಕೆ ಬೇಕಾದ ಪ್ರೋಗ್ರಾಮನ್ನೂ ಅವರೇ ಬರೆದದ್ದು. ಬರೆದದ್ದು ಎನ್ನುವುದಕ್ಕಿಂತ ಬಿಡಿಸಿದ್ದು ಎನ್ನಬೇಕು. ಅದರಲ್ಲಿ ಅಕ್ಷರಗಳಿಲ್ಲ, ಪರದೆಯ ಮೇಲೆ ಡಬ್ಬಿಗಳನ್ನಿಟ್ಟು ಒಂದರಿಂದ ಇನ್ನೊಂದಕ್ಕೆ ಬಣ್ಣದ ಗೆರೆ ಎಳೆಯುತ್ತ ಹೋಗುವುದು. ನನಗೆ ನೋಡಿದ ಕೂಡಲೇ ಎಳೆ ರಂಗೋಲಿಯ ನೆನಪಾಯಿತು. ಹಾಗೆಂದೂಬಿಟ್ಟೆ.

"ರಂಗೋಲಿ ಹಾಗೇ ಇದೆ ಅಲ್ವೇನಣ್ಣಾ?"

"ಹೌದನಾ?" ಎಂದು ಕಿಟಕಿಯ ಕಡೆ ನೋಡಿದರು.

ಪಾಠ ಹೇಳಿದವರಲ್ಲವೇ, ಪ್ರತಿಯೊಬ್ಬರ ಅಂಕಿಯನ್ನೂ ಕ್ಲಾಸಿನಲ್ಲಿ ಹಾಜರಿ ಕೂಗಿದ ಹಾಗೆ ಗಟ್ಟಿಯಾಗಿ ಓದುತ್ತಿದ್ದರು. ಹೊರಗಿನ ಕಟ್ಟೆಯ ಮೇಲೆ ಕೂತವರಿಗೂ ಯಾರ ಹಾಲು ಎಂಥದ್ದು ಎಂದು ಕೇಳುತ್ತಿತ್ತು. "ಯಂತ್ರಕ್ಕೆ ನೆಂಟರಿಲ್ಲ, ಇಷ್ಟರಿಲ್ಲ. ಅದ್ಯಾಕೆ ಸುಳ್ಳು ಹೇಳ್ತದೆ?" ಎಂಬುದು ಅವರು ಸದಾ ಹೇಳುತ್ತಿದ್ದ ಮಾತು. ಕೇಳಿ ಕೇಳಿ ನಾವೂ ನಂಬಿದ್ದೆವು.

ಬೆಳಿಗ್ಗೆ ಸೊಸೈಟಿಗೆ ಎಲ್ಲರಿಗಿಂತ ಮೊದಲು ಹೋಗುತ್ತಿದ್ದವಳು ನಾನು. ಅದಕ್ಕೆ ಕಾರಣವಿದೆ. ಸೋಮವಾರ ಊರ ಈಶ್ವರನ ಅಭಿಷೇಕಕ್ಕೆ ನಮ್ಮ ಮನೆಯ ಹಾಲು. ಅತ್ತೆ ಹೊತ್ತ ಹರಕೆ. ಅವರು ಕಣ್ಣು ಮುಚ್ಚುವಾಗ ನನ್ನ ಕೈ ಹಿಡಿದು ಒಪ್ಪಿಸಿದ್ದು. ಸೋಮವಾರ ತಪ್ಪಬಾರದೆಂದರೆ ಉಳಿದ ದಿನವೂ ಬೇಗ ಏಳುವ ಅಭ್ಯಾಸ ಇರಬೇಕು. ಹಸುವಿಗೆ ನೀರು ಕುಡಿಸಿ, ಕೆಚ್ಚಲು ತೊಳೆದು, ಒರೆಸಿ, ಕೈಯನ್ನು ಸೀರೆಗೆ ಒರೆಸದೆ ಬೇರೆ ಬಟ್ಟೆಗೆ ಒರೆಸಿ ಹಾಲು ಕರೆಯುವವಳು ನಾನು. ದೇವರ ಪಾಲು ಬೇರೆ, ಡೇರಿಯ ಪಾಲು ಬೇರೆ ಎಂದು ಎಂದೂ ಭೇದ ಮಾಡಿದವಳಲ್ಲ.

ಅಂಥ ನನ್ನ ಹಾಲಿಗೆ ಒಂದು ಬೆಳಿಗ್ಗೆ ಮೇಷ್ಟ್ರು ಗಟ್ಟಿಯಾಗಿ ಓದಿದರು: "ಮುಕ್ಕಾಲು ನೀರು."

ನನಗೆ ನಗು ಬಂತು. "ಇನ್ನೊಂದ್ಸಲ ಹಾಕ್ರಿ ಅಣ್ಣಾ, ಏನೋ ತಪ್ಪಾಗ್ಯದೆ."

"ಯಂತ್ರಕ್ಕೆ ಎರಡು ಮಾತಿಲ್ಲ, ನೋಡಿಯಮ್ಮಾ."

ಅಷ್ಟು ಹೊತ್ತಿನವರೆಗೆ ನಾನು ತಂಗಿಯಾಗಿದ್ದೆ. ಆ ಗಳಿಗೆಗೆ ಅಮ್ಮನಾದೆ. ಬೈದಿದ್ದರೂ ತಡೆದುಕೊಳ್ಳುತ್ತಿದ್ದೆ. ಹೆಣ್ಣುಮಕ್ಕಳೆಲ್ಲ ಕ್ಯಾನು ಹಿಡಿದು ಬರುತ್ತಿರುವ ದಾರಿಯಲ್ಲಿ, ತುಂಬಿದ ಕ್ಯಾನು ಹಿಡಿದು ನಾನೊಬ್ಬಳೇ ಎದುರಿಗೆ ವಾಪಸು ನಡೆದೆ. "ಯಾಕಕ್ಕಾ, ಹಾಲು ಹಾಕ್ಲಿಲ್ಲೇನು?" ಎಂದು ಒಬ್ಬಳು ಕೇಳಿದಳು. ನಾನು ಬಾಯಿ ತೆರೆಯುವ ಮುಂಚೆ ಅವಳ ಹಿಂದಿದ್ದವಳು ಅವಳ ಪಕ್ಕೆ ತಿವಿದಳು. ಕಟ್ಟೆಯ ಮೇಲಿನವರು ಸುದ್ದಿಯನ್ನು ಆಗಲೇ ಬೀದಿಗೆ ತಲುಪಿಸಿದ್ದರು.

ಮನೆಗೆ ಬಂದು ಆ ಹಾಲನ್ನೇ ಕಾಯಿಸಿದೆ. ಬೆರಳು ದಪ್ಪ ಕೆನೆ ಕಟ್ಟಿತು. ಕೆನೆ ನೋಡುತ್ತ ಒಲೆಯ ಮುಂದೆ ಕೂತು ಕಣ್ಣೀರು ಹಾಕಿದೆ. ಮೊಸರು ಚೆನ್ನಾಗಿ ಹೆಪ್ಪಾಯಿತು, ಬೆಣ್ಣೆ ಬಂತು, ತುಪ್ಪವಾಯಿತು, ಅದಿಷ್ಟು ಉಪಕಾರ.

ಕೆಲವು ದಿನ ಸರಿಯಿತ್ತು. ಮತ್ತೊಂದು ದಿನ ಅದೇ ಮಾತು, ಅದೇ ದನಿ. ಈ ಸಲ ಸುದ್ದಿ ದೇವಸ್ಥಾನದವರೆಗೂ ಹೋಯಿತು. ಮೊಕ್ತೇಸರರು ನಮ್ಮ ಯಜಮಾನರನ್ನು ಕರೆಸಿ, "ಯಂತ್ರನೇ ಹೇಳಿದ ಮ್ಯಾಲೆ ನಾವೇನು ಮಾಡಾಕಾಗ್ತದ್ರಿ? ಈಶ್ವರನ ಮೈಮ್ಯಾಲೆ ಬೀಳೋ ಹಾಲು. ಜನ ಮಾತಾಡ್ತಾರ. ಸ್ವಲ್ಪ ದಿನ ನಿಲ್ಸಿಬಿಡ್ರಿ" ಎಂದರು. ಯಜಮಾನರು ಬಂದು ನನ್ನ ಮುಖ ನೋಡದೆ, ಹಸುವಿಗೆ ಹುಲ್ಲು ಹಾಕುತ್ತಾ ಹೇಳಿದರು.

ನಾನು ಕೇಳಿದೆ, "ನೀವೇನಂದ್ರಿ?"

"ಆಯ್ತು ಅಂದೆ."

"ನನ್ನ ಹೆಂಡ್ತಿ ನೀರು ಹಾಕಲ್ಲ ಅಂತ ಒಂದು ಮಾತು ಬರಲಿಲ್ಲೇನು ಬಾಯಿಗೆ?"

"ಅವರು ದೊಡ್ಡೋರು ಮಾರಾಯ್ತಿ. ಬಿಡತ್ಲಾಗೆ."

ಬಿಡಲಿಲ್ಲ. ಆ ಸೋಮವಾರ ಅಭಿಷೇಕಕ್ಕೆ ಹಾಲು ಹೋದದ್ದು ಮೊಕ್ತೇಸರರ ಮನೆಯಿಂದ. ನಾನು ದೇವಸ್ಥಾನಕ್ಕೆ ಹೋಗಿ ಬರಿಗೈಯಲ್ಲಿ ಕಂಬದ ಹಿಂದೆ ನಿಂತು ನೋಡಿದೆ. ಗುಡಿಯಲ್ಲಿ ನಿಂತು ಇನ್ನೊಬ್ಬರಿಗೆ ಕೇಡು ಬಯಸಬಾರದು ಎಂದು ಅತ್ತೆ ಕಲಿಸಿದ್ದರು. ಅದಕ್ಕೇ ಹೊರಗೆ ಬಂದು, ಚಪ್ಪಲಿ ಮೆಟ್ಟಿಕೊಂಡು, ಆಮೇಲೆ ಬಯಸಿದೆ.

ಮೂರನೆಯ ಸಲವೂ ಹಾಗೇ ಆದಾಗ ನಾನು ಕೂಡಲೇ ಮನೆಗೆ ಹೋಗಲಿಲ್ಲ. ಸೊಸೈಟಿಯ ಬಾಗಿಲ ಮರೆಯಲ್ಲಿ ಕ್ಯಾನಿನ ಮುಚ್ಚಳ ಬಿಗಿ ಮಾಡುವ ನೆಪದಲ್ಲಿ ನಿಂತೆ. ನನ್ನ ಹಿಂದೆ ಬಂದದ್ದು ಮೊಕ್ತೇಸರರ ಹೆಂಡತಿ. ಅವರ ಮನೆ ಅಲ್ಲೇ ಪಕ್ಕದಲ್ಲಿ. ದಿನವೂ ಎರಡನೆಯವರು ಅವರೇ. ಲೋಟ ಇಟ್ಟರು. ಮೇಷ್ಟ್ರು ಗುಂಡಿ ಒತ್ತಿದರು. ಓದಲು ಬಾಯಿ ತೆರೆದವರು ತಟ್ಟನೆ ನಿಲ್ಲಿಸಿದರು.

"ಅರೆ, ಇದೆಂತ ಮಾರಾಯ್ರೆ! ನಿಮ್ಮ ಹಾಲಿಗೆ ಹೀಗೆ ಬರೋದು ಸಾಧ್ಯನೇ ಇಲ್ಲ. ತಂತಿ ಸಡಿಲ ಇರಬೇಕು, ತಡೀರಿ."

ಎಂದವರೇ ತಂತಿ ಕಿತ್ತು, ಊದಿ, ಮತ್ತೆ ಹಾಕಿ, ಲ್ಯಾಪ್‌ಟಾಪಿನಲ್ಲಿ ಏನೇನೋ ಒತ್ತಿ, ಪ್ರೋಗ್ರಾಮು ಮುಚ್ಚಿ ತೆರೆದು, ಇನ್ನೊಮ್ಮೆ ಅಳೆದರು. ಅಂಕಿ ಸರಿ ಬಂತು. ಗಟ್ಟಿಯಾಗಿ ಓದಿದರು.

ಬಾಗಿಲ ಮರೆಯಲ್ಲಿ ನನ್ನ ಮೈ ಬೆಂಕಿಯಾಯಿತು. ಅವರ ಹಾಲು ನೀರೆಂದರೆ ತಂತಿಯ ತಪ್ಪು. ನನ್ನ ಹಾಲು ನೀರೆಂದರೆ ನನ್ನ ತಪ್ಪು. ಮೊದಲ ದಿನದಿಂದಲೂ ಹೀಗೇ ನಡೆದಿರಬೇಕು. ನಾನು ಅವಮಾನದಿಂದ ಓಡಿಹೋಗುತ್ತಿದ್ದುದರಿಂದ ನೋಡಿರಲಿಲ್ಲ, ಅಷ್ಟೇ. ತಂತಿ ಸರಿಮಾಡಿದ ಮೇಲಾದರೂ 'ಅಯ್ಯೋ, ಮೊದಲು ಬಂದವಳದ್ದೂ ಹೀಗೇ ಆಗಿರಬಹುದಲ್ಲ' ಎಂದು ಆ ತಲೆಗೆ ಹೊಳೆಯಲಿಲ್ಲವಲ್ಲ! ಹೊಳೆದಿತ್ತೋ ಏನೋ. ಹೊಳೆದೂ ಸುಮ್ಮನಿದ್ದರೋ. ಅದು ಈಶ್ವರನಿಗೇ ಗೊತ್ತು.

ಆವತ್ತು ದಾರಿಯಲ್ಲಿ ನಡೆಯುತ್ತ ನನಗೆ ಇನ್ನೊಂದು ಸಂಗತಿ ನೆನಪಿಗೆ ಬಂತು. ಹಿಂದಿನ ಸಂಜೆ ಗುಡುಗಿತ್ತು. ಹಿಂದಿನೆರಡು ಸಲವೂ ಅಷ್ಟೆ. ಒಂದು ಸಲ ಒಣಹಾಕಿದ ಮೆಕ್ಕೆಜೋಳವನ್ನು ಮಳೆ ಬೀಳುವ ಮುಂಚೆ ರಾಶಿ ಮಾಡಿದ್ದು, ಇನ್ನೊಂದು ಸಲ ಟಿ.ವಿ. ತಂತಿ ಕೀಳಲು ಯಜಮಾನರನ್ನು ಕೂಗಿದ್ದು. ಮೇಷ್ಟ್ರು ತಂತಿ ಕಿತ್ತ ಮರುದಿನ ನನ್ನ ಹಾಲು ನೀರಾಗುತ್ತದೆ! ಯಾಕೆಂದು ನನಗೇನು ಗೊತ್ತು. ಆದರೆ ಇಷ್ಟು ಗೊತ್ತಾಯಿತು, ಅದು ಸಾಕಾಗಿತ್ತು.

ಆಮೇಲೆ ಕೆಲವು ವಾರ ಊರೆಲ್ಲ ಮಳೆ ಬಾರದಿರಲಿ, ಜೋಳ ಒಣಗಲಿ ಎಂದು ಬೇಡಿಕೊಳ್ಳುತ್ತಿದ್ದರೆ ನಾನೊಬ್ಬಳು ದೀಪ ಹಚ್ಚಿ ಗುಡುಗು ಬೇಡಿಕೊಂಡೆ. ಜೋಳ ನೆನೆಯದ ಹಾಗೆ ಬರೀ ಗುಡುಗು ಕೊಡಪ್ಪಾ ಎಂದು ಕೇಳಿಕೊಂಡೆ. ಕೊಟ್ಟ. ಒಂದು ಹನಿ ಬೀಳಲಿಲ್ಲ, ಆಕಾಶ ಮಾತ್ರ ಊರು ಅದುರುವ ಹಾಗೆ ಗುಡುಗಿತು. ಮೇಷ್ಟ್ರು ಕೊಪ್ಪೆ ಹಾಕಿಕೊಂಡು ಸೊಸೈಟಿಯ ಕಡೆ ಓಡುವುದನ್ನು ಕಿಟಕಿಯಿಂದ ನೋಡಿ ಕೈ ಮುಗಿದೆ. ಅವರಿಗಲ್ಲ.

ಮರುದಿನ ಎಂದಿನಂತೆ ನಾನೇ ಮೊದಲು. ಆದರೆ ಕಟ್ಟೆಯ ಮೇಲೆ ಕ್ಯಾನಿಟ್ಟು, ಅಧ್ಯಕ್ಷೆ, ಮೊಕ್ತೇಸರರ ಹೆಂಡತಿ, ಇನ್ನಿಬ್ಬರು ಬರುವವರೆಗೆ ಸೆರಗು ಸರಿಮಾಡಿಕೊಳ್ಳುತ್ತ ಕಾದೆ. ಆಮೇಲೆ ಒಳಗೆ ಹೋಗಿ ಸ್ಟೀಲ್ ಲೋಟವನ್ನು ಕೊಳವೆಯ ಕೆಳಗೆ ಹಿಡಿದೆ. ಮೇಷ್ಟ್ರು ಲ್ಯಾಪ್‌ಟಾಪಿನ ಹಿಂದಿದ್ದರು. ಗುಂಡಿ ಒತ್ತಿದರು. ಕೊಳವೆ ಗೊರಗೊರ ಎಂದಿತು; ನಾನು ಜೋರಾಗಿ ಕೆಮ್ಮಿದೆ.

ಮೇಷ್ಟ್ರು ಗಂಟಲು ಸರಿಮಾಡಿಕೊಂಡು ಓದಿದರು. ಅದೇ ಅಂಕಿ. "ಇವತ್ತೂ ಮುಕ್ಕಾಲು ನೀರು, ನೋಡಿಯಮ್ಮಾ. ನಾನು ಹೇಳೋದಲ್ಲ ಇದು, ಯಂತ್ರ ಹೇಳೋದು."

"ಉಳಿದ ಕಾಲು ಹಾಲೇನ್ರಿ ಮೇಷ್ಟ್ರೇ?"

"ಹೌದಲ್ಲ."

"ಎಲ್ಲರೂ ಕೇಳಿಸ್ಕೊಂಡ್ರೇನ್ರೇ?" ಎಂದು ಹಿಂದೆ ತಿರುಗಿ ಕೇಳಿ, ಲೋಟವನ್ನು ಅವರ ಮೇಜಿನ ಮೇಲೆ ಬೋರಲು ಮಾಡಿದೆ. ಒಂದು ಹನಿ ಬೀಳಲಿಲ್ಲ. ಲೋಟ ಖಾಲಿ. ಒಣಗಿದ ಲೋಟ. ಮನೆಯಲ್ಲಿ ಒರೆಸಿ, ಒಲೆಯ ಬಿಸಿಗೆ ಹಿಡಿದು ತಂದಿದ್ದೆ.

ಅಧ್ಯಕ್ಷೆ ಬಾಯಿಗೆ ಸೆರಗು ಒತ್ತಿಕೊಂಡಳು. ಕಟ್ಟೆಯ ಮೇಲಿನ ಮುದುಕಿಯೊಬ್ಬಳು, "ಯವ್ವಾ, ಗಾಳಿಗೂ ನೀರು ಬೆರೆಸ್ಯಾಳಲ್ಲೇ ಇಕಿ!" ಎಂದಳು. ಎಲ್ಲರೂ ಬಿದ್ದು ಬಿದ್ದು ನಕ್ಕರು. ಆ ನಗು ನನ್ನ ಮೈಮೇಲೆ ಪನ್ನೀರು ಚಿಮುಕಿಸಿದ ಹಾಗೆ ಬಿತ್ತು.

ಮೇಷ್ಟ್ರ ಕಿವಿ ಕೆಂಪಾದವು. ಕುರ್ಚಿಯಿಂದ ಎದ್ದರು, ಕರವಸ್ತ್ರ ಅಲ್ಲೇ ಉಳಿಯಿತು. ಮೊದಲು ಟೆಸ್ಟರ್ ಆರಿಸಿ ಹಚ್ಚಿದರು. ಸರಿಯಾಗಲಿಲ್ಲ. ತಂತಿ ಬದಲಾಯಿಸಿದರು. ಪೆಟ್ಟಿಗೆ, ಲ್ಯಾಪ್‌ಟಾಪ್ ಎರಡೂ ಒಂದೇ ವೇಗದಲ್ಲಿ ಮಾತಾಡಬೇಕಂತೆ, ಅದನ್ನು ನೋಡಿದರು. ಬೇರೆ ಯಾವುದಾದರೂ ಪ್ರೋಗ್ರಾಮು ಆ ಪೋರ್ಟನ್ನು ಹಿಡಿದು ಕೂತಿದೆಯೇ ಎಂದು ಹುಡುಕಿದರು. ಎಲ್ಲವನ್ನೂ ಬಾಯಲ್ಲಿ ಹೇಳಿಕೊಳ್ಳುತ್ತ ಮಾಡುವುದು ಅವರ ರೂಢಿ. ಅವರು ಬೆವರುವುದನ್ನು ನೋಡಲೆಂದೇ ನಾನು ನಲ್ಲಿಯ ಹತ್ತಿರ ನಿಂತು ತೊಳೆದ ಲೋಟವನ್ನೇ ಮತ್ತೆ ತೊಳೆದೆ.

ಕೊನೆಗೆ ಸಿಕ್ಕಿತು. ಲ್ಯಾಪ್‌ಟಾಪಿನ ಪಕ್ಕದಲ್ಲಿ ಒಂದೇ ಥರದ ಎರಡು ತೂತು. ನಮ್ಮ ಕಣ್ಣಿಗೆ ಎರಡೂ ಒಂದೇ. ಲ್ಯಾಪ್‌ಟಾಪಿಗೆ ಮಾತ್ರ ಒಂದೊಂದಕ್ಕೂ ಬೇರೆ ಮನೆ ನಂಬರು. ಗುಡುಗಿದಾಗ ಕಿತ್ತ ತಂತಿಯನ್ನು ಬೆಳಿಗ್ಗೆ ಇವರು ಗಮನಿಸದೆ ಪಕ್ಕದ ತೂತಿಗೆ ಸಿಕ್ಕಿಸುತ್ತಿದ್ದರು. ಪ್ರೋಗ್ರಾಮು ಹಳೆಯ ಮನೆಯ ಬಾಗಿಲು ಬಡಿಯುತ್ತಿತ್ತು. ಅಲ್ಲಿ ಯಾರೂ ಇಲ್ಲ. ಆಗ ಪರದೆಯ ಮೇಲೆ ಉಳಿಯುತ್ತಿದ್ದದ್ದು ಹಿಂದಿನ ಸಂಜೆಯ ಕೊನೆಯ ಅಂಕಿ. ಸಂಜೆ ಕೊನೆಗೆ ಆ ಯಂತ್ರದೊಳಗೆ ಹೋಗುತ್ತಿದ್ದದ್ದು ಯಾರ ಹಾಲೂ ಅಲ್ಲ, ಕೊಳವೆ ತೊಳೆದ ನೀರು, ಒಳಗೆ ಉಳಿದ ಹಾಲು ಕಲೆತದ್ದು. ಇವರು ರಾತ್ರಿ ಲ್ಯಾಪ್‌ಟಾಪನ್ನು ಆರಿಸದೆ ಬರೀ ಮುಚ್ಚಿಡುತ್ತಿದ್ದುದರಿಂದ ಆ ಅಂಕಿ ಬೆಳಗಿನವರೆಗೂ ಹಾಗೇ ಕಾದು ಕೂತಿರುತ್ತಿತ್ತು. ಮೊದಲು ಬಂದವಳ ತಲೆಗೆ ಕಟ್ಟಲು.

"ಹಾಗಾದ್ರೆ ಸಂಪರ್ಕ ತಪ್ಪಿದ್ದು ಅದಕ್ಕೆ ಗೊತ್ತೇ ಆಗಲ್ವೇನ್ರಿ?" ಎಂದು ಅಧ್ಯಕ್ಷೆ ಕೇಳಿದಳು.

ಮೇಷ್ಟ್ರು ಪರದೆಯ ಮೇಲೆ ತಮ್ಮ ಆ ರಂಗೋಲಿಯನ್ನು ತೆರೆದರು. ಬಹಳ ಹೊತ್ತು ನೋಡಿದರು. ಒಂದು ಡಬ್ಬಿಯಿಂದ ಹೊರಟ ಗೆರೆಯೊಂದು ಎಲ್ಲಿಗೂ ಸೇರದೆ ಅರ್ಧಕ್ಕೇ ನಿಂತಿತ್ತು. ನಲ್ಲಿಯ ಹತ್ತಿರದಿಂದ ನನಗೂ ಕಂಡಿತು.

"ಗೊತ್ತಾಗ್ತದೆ. ಅದು ದೋಷ ಹೇಳೋ ಗೆರೆ," ಎಂದರು ಮೆಲ್ಲಗೆ. "ಮೊದಮೊದಲು ಚಿಕ್ಕಪುಟ್ಟದ್ದಕ್ಕೂ ದೋಷ, ದೋಷ ಅಂತ ಪರದೆ ಮೇಲೆ ಬರ್ತಿತ್ತು. ಸಾಲು ನಿಂತುಹೋಗ್ತಿತ್ತು. ನೀವೆಲ್ಲ ನಗಾಡ್ತಿದ್ರಿ. ಅದಕ್ಕೆ ಕಿತ್ತು ಹಾಕಿದ್ದೆ."

ಯಂತ್ರ ಸುಳ್ಳು ಹೇಳಿರಲಿಲ್ಲ. ನಿಜ ಹೇಳುತ್ತಿದ್ದ ಅದರ ಬಾಯಿಯನ್ನು ಇವರೇ ಮುಚ್ಚಿಸಿದ್ದರು. ತಮ್ಮನ್ನು ನೋಡಿ ನಾಲ್ಕು ಹೆಂಗಸರು ನಕ್ಕರು ಎಂಬ ಅಷ್ಟಕ್ಕೆ ನನ್ನನ್ನು ಊರೇ ನಗುವ ಹಾಗೆ ಮಾಡಿದ್ದರು. ರಂಗೋಲಿಯಲ್ಲಿ ಒಂದೆಳೆ ಕೂಡದೆ ಬಿಟ್ಟರೆ ಅತ್ತೆ ಪೂರ್ತಿ ಒರೆಸಿ ಹೊಸದಾಗಿ ಹಾಕಿಸುತ್ತಿದ್ದರು. ಇವರಿಗೆ ಹಾಗೆ ಹೇಳುವ ಅತ್ತೆ ಇರಲಿಲ್ಲ.

ತಂತಿ ಸರಿಯಾದ ತೂತಿಗೆ ಹೋದ ಮೇಲೆ ಕಟ್ಟೆಯ ಮೇಲಿದ್ದ ನನ್ನ ಕ್ಯಾನಿನ ಹಾಲನ್ನು ಅಳೆದರು. ಆ ಬೆಳಗಿನ ಸಾಲಿನಲ್ಲಿ ಅದಕ್ಕಿಂತ ಒಳ್ಳೆಯ ಹಾಲು ಇರಲಿಲ್ಲ. ಆ ಅಂಕಿಯನ್ನು ಮಾತ್ರ ಮೇಷ್ಟ್ರು ತುಟಿಯೊಳಗೇ ಓದಿಕೊಂಡರು.

ಕ್ಷಮೆ ಕೇಳಲಿಲ್ಲ. ಸಂಜೆಯ ಹೊತ್ತಿಗೆ ಊರಿನಲ್ಲಿ ಹರಡಿದ ಮಾತು ಏನೆಂದರೆ, 'ಸಿಡಿಲಿನಿಂದ ಮಷೀನು ಸ್ವಲ್ಪ ಏರುಪೇರಾಗಿತ್ತಂತೆ.' ಪಾಪ, ಸಿಡಿಲಿಗೆ ಬಾಯಿಲ್ಲ. ನಮ್ಮ ಯಜಮಾನರು ಮೊಕ್ತೇಸರರ ಹತ್ತಿರ ಹೋಗಿ ಸೋಮವಾರದ ಹಾಲಿನ ವಿಷಯ ಎತ್ತಿದರೆ, "ಈಗ ನಮ್ಮನೇರು ಶುರು ಮಾಡ್ಯಾರಲ್ರಿ, ನಡುವೆ ನಿಲ್ಲಿಸಿದ್ರ ಚಂದಲ್ಲ. ನೋಡೋಣಂತ" ಎಂದರಂತೆ. ಲೋಟ ಬೋರಲು ಹಾಕಿ ಊರು ನಗಿಸಿದ್ದಾಯಿತು. ಅತ್ತೆಯ ಹರಕೆ ಮಾತ್ರ ನನ್ನ ಕೈಗೆ ವಾಪಸು ಬರಲಿಲ್ಲ. ಮೇಷ್ಟ್ರು ಒಂದು ಮಾತು ಹೇಳಿದ್ದರೆ ಬರುತ್ತಿತ್ತು. ಅವರ ಮಾತನ್ನು ಮೊಕ್ತೇಸರರು ತೆಗೆದುಹಾಕುತ್ತಿರಲಿಲ್ಲ. ಹೇಳಲಿಲ್ಲ.

ಹಾಗೆಂದು ಸುಮ್ಮನೆಯೂ ಕೂರಲಿಲ್ಲ ಆ ಮನುಷ್ಯ. ಮುಂದಿನ ಗುಡುಗಿನ ಬೆಳಿಗ್ಗೆ ನಾನು ಹೋದಾಗ ಲ್ಯಾಪ್‌ಟಾಪಿನ ಒಂದು ತೂತಿನ ಪಕ್ಕ ಕೆಂಪು ಚುಕ್ಕೆ ಇತ್ತು. ಹೆಂಡತಿಯ ಉಗುರುಬಣ್ಣ. ಮೇಷ್ಟ್ರು ನನ್ನ ಎದುರಿಗೇ, ಬೇಕೆಂದೇ, ತಂತಿಯನ್ನು ಚುಕ್ಕೆಯಿಲ್ಲದ ತೂತಿಗೆ ಸಿಕ್ಕಿಸಿ ಗುಂಡಿ ಒತ್ತಿದರು. ಅಂಕಿಯೆಲ್ಲ ಅಳಿಸಿಹೋಗಿ ಪರದೆ ತುಂಬ ಕನ್ನಡದಲ್ಲಿ ದಪ್ಪ ಅಕ್ಷರ ಮೂಡಿತು. ಲ್ಯಾಪ್‌ಟಾಪನ್ನು ನನ್ನ ಕಡೆ ತಿರುಗಿಸಿದರು.

ನನಗೆ ಓದಲು ಬರುತ್ತದೆ. ಓದಿದೆ. ಆದರೆ ಹೇಳಿದೆ, "ಕನ್ನಡಕ ತಂದಿಲ್ಲ ಮೇಷ್ಟ್ರೇ. ನೀವೇ ಓದಿ ಹೇಳ್ರಿ. ದಿನಾ ಓದ್ತಿದ್ರಲ್ಲ, ಹಂಗೆ ಗಟ್ಟಿಯಾಗಿ."

ಅಷ್ಟರಲ್ಲಿ ಹಿಂದೆ ನಾಲ್ಕೈದು ಜನ ಬಂದಿದ್ದರು. ಮೇಷ್ಟ್ರು "ಕಾಣ್ತದಲ್ಲ," ಎಂದು ಹೇಳಿ, ಆಕಾಶ ನೋಡಲು ಹೊರಗೆ ಹೋದರು. ಆಕಾಶದಲ್ಲಿ ಒಂದು ಚೂರು ಮೋಡವಿರಲಿಲ್ಲ.

ಅವರು ಓದುವುದನ್ನು ನಾನು ಕಾದೆ. ಸಾಯುವವರೆಗೂ ಕಾದೆ ಎನ್ನಬೇಕು. ಕಡುಬಿನ ಡಬ್ಬಿ ನಿಂತುಹೋಯಿತು. ಅವರ ಹೆಂಡತಿ ಅರಿಶಿನ ಕುಂಕುಮಕ್ಕೆ ಕರೆದರೆ ಹೋಗುತ್ತಿದ್ದೆ. ಅವರು ಜಗಲಿಯ ಮೇಲಿದ್ದರೆ ತಲೆ ಎತ್ತದೆ ಒಳಗೆ ಹೋಗುತ್ತಿದ್ದೆ. ಕಡೆಯ ಸಲ ಮಾತಾಡಿದ್ದು ಸೊರಬದ ಬಸ್ ಸ್ಟ್ಯಾಂಡಿನಲ್ಲಿ. ಆಸ್ಪತ್ರೆಯಿಂದ ಬರುತ್ತಿದ್ದರು, ಸ್ವೆಟರಿನೊಳಗೆ ಮೈ ಅರ್ಧವಾಗಿತ್ತು. ಬೆಂಚಿನ ಮೇಲಿದ್ದ ಚೀಲ ತೆಗೆದು ನನಗೆ ಜಾಗ ಮಾಡಿದರು. ಶಿಕಾರಿಪುರದ ಕಡೆ ಮೋಡ ಕಟ್ಟಿತ್ತು.

"ಗುಡುಗ್ತದೆ ಅನ್ಸ್ತದೆ ತಂಗಿ. ತಂತಿ ಕೀಳ್ಸಿದ್ಯಾ?"

ಎಷ್ಟೋ ವರ್ಷಕ್ಕೆ ತಂಗಿ ಎಂದದ್ದು. ನನ್ನ ಮನಸ್ಸು ಕರಗಿತು ಎಂದು ಬರೆದರೆ ಓದಲು ಚೆನ್ನಾಗಿರುತ್ತದೆ. ಕರಗಲಿಲ್ಲ. "ಕೀಳ್ಸಿದೀವಿ ಮೇಷ್ಟ್ರೇ. ಬೆಳಿಗ್ಗೆ ಕೆಂಪು ಚುಕ್ಕೆಗೇ ಹಾಕ್ತೀವಿ," ಎಂದೆ. ಅವರು ತಲೆಯಾಡಿಸಿದರು. ನನ್ನ ಬಸ್ಸು ಬಂತು. ಕೂರಲು ಸೀಟೂ ಸಿಕ್ಕಿತು.

ಅವರು ಹೋದ ಮೇಲೆ ಸೊಸೈಟಿಯಲ್ಲೇ ಶ್ರದ್ಧಾಂಜಲಿ ಸಭೆ ಇಟ್ಟುಕೊಂಡರು, ಬೆಳಗಿನ ಹಾಲು ಹಾಕಿದ ಮೇಲೆ. ಟೆಸ್ಟರ್ ಪಕ್ಕದಲ್ಲಿ ಫೋಟೋ, ಅದಕ್ಕೆ ಸೇವಂತಿಗೆ ಹಾರ. ಮೊಕ್ತೇಸರರದೇ ಅಧ್ಯಕ್ಷತೆ. "ಯಂತ್ರದಂಗೆ ನೇರ ಮನುಷ್ಯ ಇದ್ದ," ಎಂದು ಶುರು ಮಾಡಿ ಬಹಳ ಹೊತ್ತು ಮಾತಾಡಿದರು. ಆಮೇಲೆ ಅಧ್ಯಕ್ಷೆ ನನ್ನ ಕಡೆ ತಿರುಗಿ, "ನೀನು ಅವರ ಊರ ಕಡೆಯೋಳಲ್ಲ ಅಕ್ಕಾ, ಎರಡು ಮಾತು ಹೇಳು" ಎಂದಳು. ನನ್ನನ್ನು ಬಲ್ಲವಳು, ಬೇಕೆಂದೇ ಕರೆದಳೆಂದು ನನಗೆ ಈಗಲೂ ಅನುಮಾನ.

ಎದ್ದು ಹೋಗಿ ಫೋಟೋಗೆ ಕೈ ಮುಗಿದೆ. ಲ್ಯಾಪ್‌ಟಾಪ್ ತೆರೆದೇ ಇತ್ತು.

"ನನಗೆ ಭಾಷಣ ಬರಲ್ಲ," ಎಂದೆ. "ಮೇಷ್ಟ್ರೇ ಒಂದು ಮಾತು ಬರೆದಿಟ್ಟು ಹೋಗ್ಯಾರ. ಅದನ್ನೇ ಕೇಳೋಣ."

ಕೆಂಪು ಚುಕ್ಕೆಯ ತೂತಿನಿಂದ ತಂತಿ ಕಿತ್ತು ಪಕ್ಕದ ತೂತಿಗೆ ಸಿಕ್ಕಿಸಿ ಗುಂಡಿ ಒತ್ತಿದೆ. ಪರದೆ ತುಂಬ ಅಕ್ಷರ ಬಂತು. ಲ್ಯಾಪ್‌ಟಾಪನ್ನು ಮೊಕ್ತೇಸರರ ಎದುರಿಗೆ ಹಿಡಿದೆ.

"ಕನ್ನಡಕ ತಂದಿಲ್ರಿ ನಾನು. ನೀವು ಓದಿಬಿಡ್ರಿ."

ಕನ್ನಡಕ ನನ್ನ ಸೊಂಟದ ಸಂಚಿಯಲ್ಲಿತ್ತು.

ಮೊಕ್ತೇಸರರು ನೋಡಿದರು. ಸತ್ತವರ ಮಾತು, ಓದುವುದಿಲ್ಲ ಎನ್ನುವ ಹಾಗಿಲ್ಲ. ಗುನುಗುಟ್ಟಿದರು.

"ಹಿಂದಿನೋರಿಗೆ ಕೇಳ್ಲಿಲ್ರಿ," ಎಂದೆ. ಕಟ್ಟೆಯ ಮೇಲಿನ ಅದೇ ಮುದುಕಿ, "ಹೌದ್ರಿ, ನಮಗೇನೂ ಕೇಳ್ಲಿಲ್ಲ" ಎಂದಳು. ಆ ಮುದುಕಿಗೆ ದೇವರು ನೂರು ವರ್ಷ ಕೊಡಲಿ.

ಮೊಕ್ತೇಸರರು ಗಟ್ಟಿಯಾಗಿ ಓದಿದರು:

"ಯಂತ್ರಕ್ಕೆ ಸಂಪರ್ಕ ಇಲ್ಲ. ಹಾಲು ತಂದವರದ್ದು ಏನೂ ತಪ್ಪಿಲ್ಲ. ದಯವಿಟ್ಟು ತಂತಿ ನೋಡಿ, ಮತ್ತೆ ಅಳೆಯಿರಿ."

ಮೊಕ್ತೇಸರರ ಹೆಂಡತಿ ತಲೆ ತಗ್ಗಿಸಿಕೊಂಡು ಕೂತಿದ್ದವರು, ಗಂಡನ ಕಡೆ ನೋಡದೆಯೇ, ಆದರೆ ಅವರಿಗೆ ಕೇಳುವಷ್ಟು, "ನಾಳೆ ಸೋಮವಾರ" ಎಂದರು.

ಮೊಕ್ತೇಸರರು ಕೆಮ್ಮಿದರು. "ನಾಳೆ... ನಿಮ್ಮನೆ ಹಾಲು ತಗೊಂಡು ಬರ್ರಿ ತಂಗಿ. ಅಭಿಷೇಕಕ್ಕ."

"ಅದನ್ನೂ ಸ್ವಲ್ಪ ಜೋರಾಗಿ ಹೇಳ್ರಿ," ಎಂದೆ.

ಹೇಳಿದರು.

ಜನ ಎದ್ದು ಹೊರಟ ಮೇಲೆ ನಾನೊಬ್ಬಳು ಮೇಜಿನ ಹತ್ತಿರ ಉಳಿದೆ. ಫೋಟೋದಲ್ಲಿ ಮೇಷ್ಟ್ರು ಎಂದಿನ ಹಾಗೆ 'ಹೌದನಾ?' ಎಂದು ಎಲ್ಲೋ ಪಕ್ಕಕ್ಕೆ ನೋಡುತ್ತಿದ್ದರು. ನೋಡಲಿ. ಹಾರದಿಂದ ಉದುರಿದ ಸೇವಂತಿಗೆ ಎಸಳು ಲ್ಯಾಪ್‌ಟಾಪಿನ ಗುಂಡಿಗಳ ನಡುವೆ ಬಿದ್ದಿತ್ತು, ಅದನ್ನು ಹೆಕ್ಕಿದೆ. ತಂತಿಯನ್ನು ಕಿತ್ತು, ಕೆಂಪು ಚುಕ್ಕೆಯ ತೂತಿಗೆ ಸರಿಯಾಗಿ ಕೂರಿಸಿದೆ. ಸಂಜೆ ಮೊದಲು ಬರುವವಳು ಯಾರೋ, ಅವಳಿಗೆ ತೊಂದರೆಯಾಗಬಾರದು.

ಅಷ್ಟು ಮಾಡಿದೆ ಅವರಿಗಾಗಿ. ಅದಕ್ಕಿಂತ ಹೆಚ್ಚು ಮಾಡಲಿಲ್ಲ.